ಡಾಕ್ಟ್ರಮ್ಮನ ಸೀಮೆಎಣ್ಣೆ ಫ್ರಿಜ್ಜು

ಮಕ್ಕಳೇ, ಕಳೆದ ತಿಂಗಳು ನಿಮ್ಮಲ್ಲಿ ದೊಡ್ಡವಳು ತನ್ನ ಲ್ಯಾಬಿನ ಕೆಲಸದ ವಿಷಯ ಹೇಳುತ್ತಿದ್ದಳು. "ಒಬ್ಬರು ಕೊಟ್ಟ ರಕ್ತನ ನಾವು ಹಾಗೇ ಇನ್ನೊಬ್ಬರಿಗೆ ಹಾಕಲ್ಲ ಅಜ್ಜಿ. ಯಂತ್ರದಲ್ಲಿ ತಿರುಗಿಸಿ ಕೆಂಪು ಬೇರೆ, ಮೇಲಿನ ಹಳದಿ ನೀರು ಬೇರೆ ಮಾಡ್ತೀವಿ. ಯಾರಿಗೆ ಯಾವುದು ಬೇಕೋ ಅದನ್ನಷ್ಟೇ ಕೊಡೋದು" ಎಂದಳು. ನಾನು ಬಿಡಿಸುತ್ತಿದ್ದ ಬಟಾಣಿಯನ್ನು ಅಲ್ಲೇ ಬಿಟ್ಟು ಎದ್ದು ಒಳಗೆ ಹೋದೆ. ಅಜ್ಜಿಗೆ ರಕ್ತದ ಮಾತು ಆಗುವುದಿಲ್ಲ ಎಂದು ನೀವೆಲ್ಲ ನಕ್ಕಿರಿ.

ರಕ್ತದ ಮಾತು ನನಗೆ ಆಗುತ್ತದೆ. ಆ ಹಳದಿ ನೀರನ್ನು ನಾನು ಅರವತ್ತರ ದಶಕದಲ್ಲೇ ನೋಡಿದವಳು. ದಿನಕ್ಕೆ ಎರಡು ಸಲ, ಒಂದು ವರ್ಷ ನೋಡಿದ್ದೇನೆ. ಅದನ್ನು ತೋರಿಸಿದವರ ಬಗ್ಗೆ ನಿಮ್ಮ ಅಜ್ಜ ಇರುವವರೆಗೆ ನಾನು ಬಾಯಿ ಬಿಡುವಂತಿರಲಿಲ್ಲ. ಅವರು ಹೋಗಿ ವರ್ಷ ಕಳೆಯಿತು. ನಾಲ್ಕು ಜನರ ಎದುರು ಮಾತಾಡಿ ನನಗೆ ಅಭ್ಯಾಸವಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರರಲ್ಲಿ ಯಾವ ಕಡೆಯ ಆಸ್ಪತ್ರೆ ಎಂದು ಹೇಳುವುದಿಲ್ಲ. ಅಲ್ಲಿ ಕೆಲಸ ಮಾಡಿದವರ ಮಕ್ಕಳು ಮೊಮ್ಮಕ್ಕಳು ಈಗಲೂ ಇದ್ದಾರೆ. ಅಲ್ಲಿಯ ಡಾಕ್ಟರ ಹೆಸರನ್ನೂ ಬರೆಯುವುದಿಲ್ಲ. ಊರಿನವರು ಡಾಕ್ಟ್ರಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ.

ಅವರು ಮೈಸೂರು ಕಡೆಯವರು. ಕುಳ್ಳಗೆ, ಗಟ್ಟಿ ಮೈ. ನಲವತ್ತರ ಹತ್ತಿರ ಇದ್ದಿರಬೇಕು, ಮದುವೆಯಾಗಿರಲಿಲ್ಲ. ಕೈಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟುತ್ತಿದ್ದರು, ನಾಡಿ ಹಿಡಿದಾಗ ಕೈ ತಿರುಗಿಸುವ ಕೆಲಸ ತಪ್ಪಲಿ ಎಂದು. ಚಹಾವನ್ನು ನಿಂತೇ ಕುಡಿಯುತ್ತಿದ್ದರು. ಅರ್ಧ ಕುಡಿದು ಲೋಟವನ್ನು ಹತ್ತಿರದ ಕಿಟಕಿಯ ಮೇಲಿಟ್ಟು ಹೊರಟುಬಿಡುತ್ತಿದ್ದರು. ಆಸ್ಪತ್ರೆಯ ಕಿಟಕಿಗಳ ಮೇಲೆಲ್ಲ ಅವರ ಅರ್ಧ ಲೋಟಗಳು. ಆಯಾ ಚೌಡಮ್ಮ ಸಂಜೆ ಅವನ್ನು ಒಟ್ಟು ಮಾಡುತ್ತ, "ಇವತ್ತು ಆರು. ಇವತ್ತು ಡಾಕ್ಟ್ರಮ್ಮಂಗೆ ತಲೆಬಿಸಿ ಜಾಸ್ತಿ" ಎಂದು ನನಗೆ ಹೇಳುತ್ತಿದ್ದಳು.

ಅವರ ಮಾತು ಒರಟು. ಬಸುರಿಯನ್ನು ತಡವಾಗಿ ಕರೆತಂದ ಗಂಡನಿಗೆ ಎಲ್ಲರ ಎದುರೇ ಕೇಳುತ್ತಿದ್ದರು: "ಎಮ್ಮೆ ಮೇವು ಬಿಟ್ಟರೆ ಅವತ್ತೇ ಓಡಿಬರ್ತೀಯಲ್ಲ, ಇವಳು ಮೇವು ಬಿಟ್ಟು ಎಷ್ಟು ದಿನ ಆಯ್ತು?" ಅಂಥವರು ಹೊರಗೆ ಹೋಗಿ ಬೈದುಕೊಳ್ಳುತ್ತಿದ್ದರು. ಆದರೆ ಮುಂದಿನ ಹೆರಿಗೆಗೆ ಅವರ ಹತ್ತಿರವೇ ಬರುತ್ತಿದ್ದರು.

ಆಗ ನಮ್ಮ ಕಡೆಯ ಹೆಂಗಸರಿಗೆ ಬಿಳಿಚಿಕೊಳ್ಳುವುದು ಒಂದು ಕಾಯಿಲೆ ಎಂದೇ ಗೊತ್ತಿರಲಿಲ್ಲ. ಬರಿಗಾಲಲ್ಲಿ ಗದ್ದೆ ತೋಟ ತುಳಿದು ಹೊಟ್ಟೆಯಲ್ಲಿ ಕೊಕ್ಕೆಹುಳು ಸೇರಿಕೊಂಡು, ಮೇಲಿಂದ ಮೇಲೆ ಬಸಿರು, ಎಂಟನೇ ತಿಂಗಳಿಗೆ ಬರುವಾಗ ಮುಖ ಅರಳೆಯ ಹಾಗೆ, ಕಾಲು ಊದಿ, ನಾಲ್ಕು ಮೆಟ್ಟಿಲಿಗೆ ಏದುಸಿರು. ಇಂಥವರಿಗೆ ಇಡೀ ರಕ್ತ ಹಾಕಿದರೆ ಸೋತ ಹೃದಯಕ್ಕೆ ಅದರ ನೀರೇ ಭಾರವಾಗಿ ಜೀವಕ್ಕೆ ಅಪಾಯ. ಅದರಲ್ಲಿನ ಕೆಂಪು ಭಾಗವನ್ನು ಮಾತ್ರ ನಿಧಾನವಾಗಿ ಕೊಟ್ಟರೆ ಉಳಿಯುತ್ತಾರೆ. ಇದು ದೊಡ್ಡ ಊರುಗಳಲ್ಲಿ ಗೊತ್ತಿದ್ದ ಸಂಗತಿಯಂತೆ. ಯಂತ್ರವಿಲ್ಲದ ಸಣ್ಣ ಊರಿನಲ್ಲಿ, ನಮ್ಮ ಹವೆಯಲ್ಲಿ, ರಕ್ತವನ್ನು ಬಾಟ್ಲಿಯಲ್ಲಿ ಅಲುಗದಂತೆ ನಿಲ್ಲಿಸಿ, ತಾನಾಗಿ ಎರಡಾಗಲು ಬಿಟ್ಟು, ಎಷ್ಟು ದಿನದವರೆಗೆ ಇಡಬಹುದು ಎಂದು ಕಂಡುಹಿಡಿಯುವುದು ಡಾಕ್ಟ್ರಮ್ಮನ ಹಟವಾಗಿತ್ತು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಮೇಲೆ ತಿಳಿದದ್ದೇ ಈ ಕಥೆ.

ಶರಾವತಿಗೆ ಅಣೆ ಕಟ್ಟಿ ನಾಡಿಗೆಲ್ಲ ಕರೆಂಟು ಕೊಡುವ ಮಾತು ನಡೆದಿದ್ದ ವರ್ಷಗಳು ಅವು. ನಮ್ಮ ಆಸ್ಪತ್ರೆಯಲ್ಲಿ ಕರೆಂಟು ಬಂದಾಗ ಬಂತು, ಹೋದಾಗ ಹೋಯಿತು. ಡಾಕ್ಟ್ರಮ್ಮ ಮೇಲಿನವರಿಗೆ ಬರೆದು ಬರೆದು ಒಂದು ಸೀಮೆಎಣ್ಣೆ ಫ್ರಿಜ್ಜು ತರಿಸಿಕೊಂಡರು. ಕೆಳಗೆ ದೀಪ ಉರಿಯುತ್ತದೆ, ಮೇಲೆ ತಂಪಾಗುತ್ತದೆ ಎಂದರೆ ಊರಿನಲ್ಲಿ ಯಾರೂ ನಂಬಲಿಲ್ಲ. ಅದನ್ನು ಒಂದು ವರ್ಷಕ್ಕೆ ಮಾತ್ರ ಕೊಟ್ಟಿದ್ದರು. ವರ್ಷದ ಕೊನೆಗೆ ದೊಡ್ಡ ಅಧಿಕಾರಿ ಬಂದು ನೋಡಿ, ಕೆಲಸ ಸರಿ ಎನಿಸಿದರೆ ಇಲ್ಲೇ ಬಿಡುವುದು, ಇಲ್ಲವಾದರೆ ವಾಪಸು.

"ಇದು ಹೋಯ್ತು ಅಂದ್ರೆ ಮತ್ತೆ ಬಿಳಿಚಿದೋರಿಗೆಲ್ಲ ಟಾನಿಕ್ ಸೀಸೆ ಕೊಟ್ಟು ಸಾಯೋಕೆ ಮನೆಗೆ ಕಳಿಸೋದೇ" ಎಂದು ಅವರು ನಿಮ್ಮ ಅಜ್ಜನಿಗೆ ಹೇಳಿದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿದ್ದೆ.

ನಿಮ್ಮ ಅಜ್ಜ ಅಲ್ಲಿ ಕಾಂಪೌಂಡರ್. ನಮ್ಮ ಕ್ವಾರ್ಟರ್ಸ್ ಆಸ್ಪತ್ರೆಯ ಹಿಂಬದಿಗೇ ಇತ್ತು. ನಾನು ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು, ಅಕ್ಷರ ಮಾತ್ರ ದುಂಡಗಿತ್ತು. ಔಷಧದ ಬಾಟ್ಲಿಗಳಿಗೆ ಅಂಟಿಸುವ ಚೀಟಿಗಳನ್ನು ಮನೆಯಲ್ಲಿ ಕೂತು ನಾನೇ ಬರೆದುಕೊಡುತ್ತಿದ್ದೆ. ಎಲ್ಲದರ ಮೇಲೂ ಒಂದೇ ಸಾಲು: ಚೆನ್ನಾಗಿ ಅಲ್ಲಾಡಿಸಿ ಕುಡಿಯಿರಿ. ಆಗಿನ ಮಿಕ್ಸ್ಚರುಗಳು ನಿಂತರೆ ತಳದಲ್ಲಿ ಗಸಿ ಕೂರುತ್ತಿತ್ತು. ಅಲ್ಲಾಡಿಸದೆ ಕುಡಿದು, ಗುಣವಾಗಲಿಲ್ಲ ಎಂದು ಬಂದವರಿಗೆ ನಿಮ್ಮ ಅಜ್ಜ ಬೈಯುವುದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. "ಮೇಲಿನ ನೀರು ಕುಡ್ದು ಹೋದ್ಯಲ್ಲ ಮಾರಾಯ. ಔಷಧ ಎಲ್ಲ ಅಡೀಲಿ ಕೂತದೆ ನೋಡು."

ಡಾಕ್ಟ್ರಮ್ಮ ಒಂದು ದಿನ ಆ ಚೀಟಿ ನೋಡಿ, ಇದು ಯಾರ ಅಕ್ಷರ ಎಂದು ಕೇಳಿದರು. ಮಾರನೆಯ ಬೆಳಿಗ್ಗೆ ನನ್ನನ್ನು ಕರೆಸಿ ಫ್ರಿಜ್ಜಿನ ಎದುರು ನಿಲ್ಲಿಸಿದರು. ಸೀಮೆಎಣ್ಣೆ ತುಂಬಬೇಕು, ಬತ್ತಿ ಕತ್ತರಿಸಬೇಕು, ನೆಲಕ್ಕೆ ಬಗ್ಗಿ ಸಣ್ಣ ಕನ್ನಡಿ ಹಿಡಿದು ಉರಿ ನೀಲಿ ಇದೆಯೋ ಹಳದಿಯೋ ನೋಡಬೇಕು, ಬಾಗಿಲು ತೆಗೆದು ಉಷ್ಣಮಾಪಕದ ಅಂಕಿಯನ್ನು ಪುಸ್ತಕದಲ್ಲಿ ಬರೆಯಬೇಕು. ಒಳಗೆ ಮರದ ಸ್ಟ್ಯಾಂಡಿನಲ್ಲಿ ರಕ್ತದ ಗಾಜಿನ ಬಾಟ್ಲಿಗಳು ಸಾಲಾಗಿ ನಿಂತಿದ್ದವು, ಮುಚ್ಚಳಕ್ಕೆ ಮೇಣ.

"ಬಾಟ್ಲಿ ಮುಟ್ಟಬೇಡ" ಎಂದರು.

ಅಷ್ಟೇ. ಯಾಕೆ ಎಂದು ಹೇಳಲಿಲ್ಲ. ಅವರು ಯಾರಿಗೂ ಯಾಕೆ ಎಂದು ಹೇಳಿದವರಲ್ಲ. ದಿನ ಕಳೆದಂತೆ ಬಾಟ್ಲಿಯೊಳಗೆ ಕೆಂಪು ಕೆಳಗಿಳಿದು ಮೇಲೆ ಹಳದಿ ನೀರು ನಿಲ್ಲುವುದನ್ನು ನಾನು ನೋಡುತ್ತಿದ್ದೆ. ಇದು ಹೀಗೇಕೆ ಎಂಬ ಪ್ರಶ್ನೆ ಗಂಟಲವರೆಗೆ ಬರುತ್ತಿತ್ತು. ಅವರು ಟಾರ್ಚು ಹಿಡಿದು ಬಾಟ್ಲಿಗಳನ್ನು ನೋಡಿ, ಏನೋ ಗೀಚಿಕೊಂಡು, ಬಾಗಿಲು ಮುಚ್ಚಿ ಹೋಗುತ್ತಿದ್ದರು. ಪ್ರಶ್ನೆ ಹೊಟ್ಟೆಗೆ ಇಳಿಯುತ್ತಿತ್ತು. ಮೇಲಿನ ನೀರನ್ನು ಸೂಜಿಯಿಂದ ಎಳೆದು ತೆಗೆಯುವ ಕೆಲಸವನ್ನು ಆಪರೇಷನ್ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಮಾಡುತ್ತಿದ್ದರು. ನಾನು ಅದನ್ನು ಕಂಡವಳಲ್ಲ.

ರಕ್ತ ಕೊಡುವವರು ಸಿಗುತ್ತಿರಲಿಲ್ಲ. ಒಮ್ಮೆ ಹೋದ ರಕ್ತ ಮತ್ತೆ ಮೈಗೆ ಬರುವುದಿಲ್ಲ ಎಂದು ಗಂಡಸರು ಹೆದರಿ ಓಡುತ್ತಿದ್ದರು. ಮೊದಲ ಬಾಟ್ಲಿ ಡಾಕ್ಟ್ರಮ್ಮನದೇ. ಎರಡನೆಯದು ಚೌಡಮ್ಮನದು. ಅವಳು ಊರ ಹೊರಗಿನ ಕೇರಿಯಿಂದ ಕೆಲಸಕ್ಕೆ ಬರುತ್ತಿದ್ದವಳು. "ನಂದು ಕೊಟ್ರೆ ತಗಂತಾರಾ ಅಮ್ಮಾ?" ಎಂದು ಹಿಂಜರಿದಳು. "ಅವರಿಗೆ ಹೇಳೋರು ಯಾರು? ತೋಳು ಚಾಚು" ಎಂದರು ಡಾಕ್ಟ್ರಮ್ಮ.

ಆ ವಾರವೇ ಕೋಣಂದೂರು ಕಡೆಯ ಜಮೀನಿನ ಯಜಮಾನರೊಬ್ಬರ ಹೆಂಡತಿಗೆ ಹೆರಿಗೆಯಲ್ಲಿ ರಕ್ತ ಹೋಯಿತು. ಬಾಟ್ಲಿ ತೂಗುಹಾಕಿದಾಗ ಯಜಮಾನರು ಒಳಗೆ ಬಂದರು.

"ಇದು ಯಾರ ರಕ್ತ ಡಾಕ್ಟ್ರಮ್ಮಾ?"

"ಬಿ ಗುಂಪಿನದು."

"ಅದಲ್ಲ. ಯಾವ ಜನ ಅಂತ ಕೇಳ್ದೆ."

"ಬಿ ಜನ. ನಿಮ್ಮ ಹೆಂಡ್ತಿನೂ ಅದೇ ಜನ. ಮದುವೆಗೆ ಮೊದ್ಲು ವಿಚಾರಿಸಿರಲಿಲ್ವಾ?"

ನೆಲ ಒರೆಸುತ್ತಿದ್ದ ಚೌಡಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ಹೊರಗೆ ಹೋಗಿ ನಕ್ಕಳು. ನಾನೂ ನಕ್ಕೆ. ಆ ದಿನ ಡಾಕ್ಟ್ರಮ್ಮನಂಥವರು ಭೂಮಿಯ ಮೇಲೆ ಇನ್ನೊಬ್ಬರಿಲ್ಲ ಎಂದು ನನಗೆ ಅನಿಸಿತು. ಬಹಳ ದಿನ ಹಾಗೇ ಅನಿಸುತ್ತಿತ್ತು.

ಅವರು ನನ್ನನ್ನು ಹೊಗಳಿದ್ದು ಒಂದೇ ಸಲ. ಪುಸ್ತಕದ ಪುಟಗಳನ್ನು ತಿರುವಿ ನೋಡಿ, "ಒಂದು ದಿನವೂ ತಪ್ಪಿಸಿಲ್ಲ" ಎಂದರು. ಆ ಮೂರು ಶಬ್ದಕ್ಕಾಗಿ ನಾನು ಜ್ವರ ಬಂದ ದಿನವೂ ಹೋಗಿ ಬತ್ತಿ ಕತ್ತರಿಸಿದ್ದೇನೆ. ತವರಿಗೆ ಹೋಗುವುದನ್ನೂ ಬಿಟ್ಟಿದ್ದೇನೆ.

ಅಧಿಕಾರಿ ಬರುವ ದಿನ ಬಂತು. ಡಾಕ್ಟ್ರಮ್ಮ ಅದಕ್ಕಾಗಿ ಏಳು ಬಾಟ್ಲಿಗಳನ್ನು ದಿನದ ಲೆಕ್ಕದಲ್ಲಿ ಜೋಡಿಸಿಟ್ಟಿದ್ದರು. ಮೂರು ದಿನದ್ದರಿಂದ ಹಿಡಿದು ಮೂರು ವಾರ ದಾಟಿದ್ದರವರೆಗೆ. ಮೇಲಿನ ನೀರು ಎಲ್ಲಿಯವರೆಗೆ ತಿಳಿ ಹಳದಿಯಾಗಿ ಉಳಿಯುತ್ತದೆ, ಯಾವಾಗ ಕೆಂಪಡರಿ ರಕ್ತ ಕೆಟ್ಟಿತೆಂದು ತೋರಿಸುತ್ತದೆ, ಇದು ಒಂದೇ ನೋಟಕ್ಕೆ ಕಾಣಬೇಕು. ವರ್ಷದ ಕೆಲಸವೆಲ್ಲ ಆ ಏಳು ಬಾಟ್ಲಿಗಳಲ್ಲಿ ನಿಂತಿತ್ತು.

ಅವರು ಬೆಳಿಗ್ಗೆಯೇ ಅಧಿಕಾರಿಯನ್ನು ಎದುರುಗೊಳ್ಳಲು ಪ್ರವಾಸಿ ಬಂಗಲೆಗೆ ಹೋದರು. ನಿಮ್ಮ ಅಜ್ಜ ಔಷಧದ ಕಪಾಟು ಒರೆಸುತ್ತ, "ಎಲ್ಲ ಚೊಕ್ಕ ಇರ್ಲಿ. ಸಾಹೇಬ್ರ ಕಣ್ಣಿಗೆ ಒಂದು ಕೊಳೆ ಬೀಳ್ಬಾರ್ದು" ಎಂದರು. ಚೌಡಮ್ಮ ಫ್ರಿಜ್ಜಿನ ಕೋಣೆಯ ನೆಲ ಒರೆಸಿ ಹೋದಳು. ನಾನು ಸೀಮೆಎಣ್ಣೆ ತುಂಬಿ, ಉರಿ ನೋಡಿ, ಅಂಕಿ ಬರೆಯಲು ಬಾಗಿಲು ತೆಗೆದೆ.

ದಿನವೂ ನೋಡುತ್ತಿದ್ದ ಬಾಟ್ಲಿಗಳನ್ನು ಆ ದಿನ ಸಾಹೇಬರ ಕಣ್ಣಿನಿಂದ ನೋಡಿದೆ. ಒಡೆದ ಹಾಲಿನ ಹಾಗೆ ಕಂಡವು. ಕೆಳಗೆ ಗಸಿ, ಮೇಲೆ ನೀರು. ಕೆಲವದರ ನೀರು ಬಣ್ಣವೂ ಕೆಟ್ಟಿತ್ತು. ಸಾಹೇಬರು ಇದನ್ನು ನೋಡಿದರೆ ರಕ್ತ ಇಡಲು ಬರುವುದಿಲ್ಲ ಈ ಹೆಂಗಸಿಗೆ ಎನ್ನುತ್ತಾರೆ, ಫ್ರಿಜ್ಜು ಒಯ್ಯುತ್ತಾರೆ ಎಂದು ಹೆದರಿದೆ. ಇಷ್ಟು ದೊಡ್ಡ ಡಾಕ್ಟರಿಗೆ ಇಷ್ಟು ಸಣ್ಣ ವಿಷಯ ಮರೆತುಹೋಯಿತಲ್ಲ ಎಂದುಕೊಂಡೆ. ಮುಟ್ಟಬೇಡ ಎಂದದ್ದು ನೆನಪಿತ್ತು. ಒಡೆದೀತೆಂದು ಹಾಗೆ ಹೇಳಿದ್ದಾರೆ, ನಾನು ಜೋಪಾನವಾಗಿ ಹಿಡಿಯುತ್ತೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಒಂದೊಂದನ್ನೇ ಎತ್ತಿ, ಎದೆಗೆ ಒತ್ತಿ ಹಿಡಿದು, ಚೆನ್ನಾಗಿ ಅಲ್ಲಾಡಿಸಿದೆ. ಏಳನ್ನೂ. ಎಲ್ಲವೂ ಒಂದೇ ಸಮ ಕೆಂಪಾದವು, ದಾಸವಾಳದ ಹಾಗೆ. ಸೆರಗಿನಿಂದ ಗಾಜು ಒರೆಸಿ, ಚೀಟಿ ಮುಂದೆ ಬರುವಂತೆ ಸಾಲಾಗಿ ನಿಲ್ಲಿಸಿದೆ. ಯಾರೂ ಹೇಳದೆ ನಾನಾಗಿ ಅವರಿಗಾಗಿ ಒಂದು ಕೆಲಸ ಮಾಡಿದೆ ಎಂದು ಖುಷಿಯಾಯಿತು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅಧಿಕಾರಿಯ ಜೀಪು ಬಂತು. ನಾನು ಬಾಗಿಲ ಹೊರಗೆ ನಿಮ್ಮ ಅಜ್ಜನ ಹಿಂದೆ ನಿಂತೆ. ಡಾಕ್ಟ್ರಮ್ಮ ಬಗಲಲ್ಲಿ ನಮ್ಮ ಪುಸ್ತಕ ಇಟ್ಟುಕೊಂಡು ಫ್ರಿಜ್ಜಿನ ಬಾಗಿಲು ತೆಗೆದರು. "ಸರ್, ಇದು ಮೂರನೇ ದಿನದ್ದು. ಮೇಲಿನ ಭಾಗ ನೋಡಿ," ಎಂದವರು ಅಲ್ಲಿಗೇ ನಿಂತರು.

"ನೋಡ್ತಾ ಇದ್ದೀನಿ. ಎಲ್ಲ ಒಂದೇ ಥರ ಇದೆಯಲ್ಲ ಡಾಕ್ಟರ್" ಎಂದರು ಅಧಿಕಾರಿ.

"ಇವತ್ತು ಬೆಳಿಗ್ಗೆವರೆಗೆ ಹೀಗಿರಲಿಲ್ಲ ಸರ್. ಯಾರೋ ಕಲಕಿದಾರೆ. ಮತ್ತೆ ಕೂರೋಕೆ ಎರಡು ದಿನ ಬೇಕು."

"ಎರಡು ದಿನ ನಾನು ಇಲ್ಲೇ ಕೂತಿರ್ಲಾ? ನೋಡಿಯಮ್ಮ, ಹಳ್ಳಿ ಆಸ್ಪತ್ರೆ. ಹೆರಿಗೆ ಚೆನ್ನಾಗಿ ಮಾಡಿಸ್ತೀರಿ ಅಂತ ಕೇಳಿದೀನಿ. ಅದು ಸಾಲದಾ?"

ಅಧಿಕಾರಿಯ ಜೊತೆ ಬಂದಿದ್ದ ಗುಮಾಸ್ತರು ನಕ್ಕರು. ಡಾಕ್ಟ್ರಮ್ಮ ಪುಸ್ತಕವನ್ನು ತೆರೆದು ತೋರಿಸಲು ಹೋದರು. ಅಧಿಕಾರಿ ಗಡಿಯಾರ ನೋಡಿಕೊಂಡರು.

ಜೀಪು ಹೋದಮೇಲೆ ಡಾಕ್ಟ್ರಮ್ಮ ಹಜಾರಕ್ಕೆ ಬಂದು, ಧ್ವನಿ ಏರಿಸದೆ ಕೇಳಿದರು: "ಬಾಟ್ಲಿ ಯಾರು ಮುಟ್ಟಿದ್ದು?"

ನನ್ನ ಬಾಯಿ ತೆರೆಯಿತು. ನಿಮ್ಮ ಅಜ್ಜ ಹಿಂದೆ ಕೈ ಚಾಚಿ ನನ್ನ ಮೊಣಕೈಯನ್ನು ಹಿಡಿದರು. ಜೋರಾಗಿಯೇನೂ ಹಿಡಿಯಲಿಲ್ಲ, ಬಿಡಿಸಿಕೊಳ್ಳಬಹುದಿತ್ತು. ಡಾಕ್ಟ್ರಮ್ಮ ನನ್ನನ್ನು ನೋಡಿದರು. ಆಮೇಲೆ ಗೋಡೆಯ ಪಕ್ಕ ಒರೆಸುವ ಬಟ್ಟೆ ಹಿಡಿದು ನಿಂತಿದ್ದ ಚೌಡಮ್ಮನನ್ನು ನೋಡಿದರು.

"ಬೆಳಿಗ್ಗೆ ಕೋಣೆ ಒರೆಸಿದ್ದು ನೀನೇನೇ?"

"ಹೌದಮ್ಮಾ. ನೆಲ ಒರ್ಸಿದ್ದು ನಾನೇಯ. ಪೆಟ್ಗೆ ಮುಟ್ಲಿಲ್ಲ."

ನಾನು ನಿಮ್ಮ ಅಜ್ಜನ ಬೆನ್ನ ಹಿಂದೆಯೇ ಉಳಿದೆ.

ಮಾರನೆಯ ದಿನ ಡಾಕ್ಟ್ರಮ್ಮ ನಮ್ಮ ಮನೆ ಬಾಗಿಲಿಗೆ ಬಂದರು. ಅದಕ್ಕೆ ಮೊದಲು ಎಂದೂ ಬಂದವರಲ್ಲ. ಕೈಯಲ್ಲಿ ಗೀಚಿದ ಒಂದು ಹಾಳೆ. "ನಿನ್ನ ಅಕ್ಷರ ಚೆನ್ನಾಗಿದೆ. ಇದರದ್ದು ಒಂದು ಶುದ್ಧ ಪ್ರತಿ ಮಾಡ್ಕೊಡು" ಎಂದರು. ಆಯಾ ಚೌಡಮ್ಮ ಎಂಬಾಕೆಯು ಅಜಾಗರೂಕತೆಯಿಂದ ರಕ್ತದ ಬಾಟ್ಲಿಗಳನ್ನು ಕದಡಿದ್ದರಿಂದ ಈ ದಿನದಿಂದ ಆಕೆಯನ್ನು ಕೆಲಸದಿಂದ ತೆಗೆದುಹಾಕಲಾಗಿದೆ ಎಂದು ಅದರಲ್ಲಿತ್ತು. ನಾನು ಶಾಯಿ ತೆಗೆದು, ಜಗಲಿಯಲ್ಲಿ ಕೂತು, ದುಂಡಗೆ ಬರೆದೆ. ಒಂದು ಅಕ್ಷರವನ್ನೂ ಕಾಟು ಹೊಡೆಯಲಿಲ್ಲ. ಅವರು ನಿಂತೇ ಇದ್ದರು. ಓದಿ, ಶಾಯಿ ಆರುವವರೆಗೆ ಊದಿ, ಮಡಚಿಕೊಂಡು ಹೋದರು. ಅದರ ಕೆಳಗೆ ಚೌಡಮ್ಮ ಹೆಬ್ಬೆಟ್ಟು ಒತ್ತಿದಳಂತೆ. ಏನು ಬರೆದಿದೆ ಎಂದು ಅವಳಿಗೆ ನಿಮ್ಮ ಅಜ್ಜ ಓದಿ ಹೇಳಿದರಂತೆ.

ಆ ರಾತ್ರಿ ನಿಮ್ಮ ಅಜ್ಜ ನನಗೆ ಹೇಳಿದ್ದು ಒಂದೇ ಮಾತು. "ನನ್ನ ಕೆಲ್ಸ ಉಳೀತು. ಇನ್ನು ಇದ್ನ ಎತ್ಬೇಡ." ಅವರೆದುರು ನಾನು ಎತ್ತಲಿಲ್ಲ, ಅವರು ತೀರಿಕೊಳ್ಳುವವರೆಗೆ.

ಓದಲು ಬರೆಯಲು ಬಾರದ ಆಯಾಳ ತಪ್ಪು, ಅವಳನ್ನು ತೆಗೆದಿದ್ದೇನೆ, ಇನ್ನೊಂದು ಅವಕಾಶ ಕೊಡಿ ಎಂದು ಡಾಕ್ಟ್ರಮ್ಮ ಮೇಲಕ್ಕೆ ಬರೆದರು. ಮೂರು ತಿಂಗಳು ಕೊಟ್ಟರು. ಆ ಮೂರು ತಿಂಗಳಲ್ಲಿ ವರದಮೂಲದ ಕಡೆಯಿಂದ ಒಬ್ಬ ಬಸುರಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ತಂದರು. ಡಾಕ್ಟ್ರಮ್ಮ ಎರಡು ಬಾಟ್ಲಿಗಳ ಕೆಂಪು ಭಾಗವನ್ನು ಮಾತ್ರ ಹನಿ ಹನಿಯಾಗಿ ಕೊಟ್ಟು, ಬೆಳಗಿನಿಂದ ಸಂಜೆವರೆಗೆ ಸ್ಟೂಲಿನ ಮೇಲೆ ಕೂತು ಹನಿ ಎಣಿಸಿದರು. ನನ್ನನ್ನು ಒಳಗೆ ಕರೆದು, ಆ ಹೆಂಗಸಿನ ತುಟಿ ತೋರಿಸಿದರು. ಬಣ್ಣ ಬರುತ್ತಿತ್ತು. ಆಗ ಮೊದಲ ಸಲ ಬಾಟ್ಲಿ ಎತ್ತಿ ಹಿಡಿದು, ಯಾವುದು ಏನು, ಮೇಲಿನ ನೀರನ್ನು ಯಾಕೆ ತೆಗೆಯಬೇಕು ಎಂದು ಶಾಲೆಯ ಮಗುವಿಗೆ ಹೇಳುವಂತೆ ಹೇಳಿದರು. ಇದನ್ನೇ ಮೊದಲ ದಿನ ಹೇಳಿದ್ದರೆ ಎಷ್ಟು ಹೊತ್ತು ಹಿಡಿಯುತ್ತಿತ್ತು? ಅವರು ಅರ್ಧ ಚಹಾ ಕುಡಿಯುವಷ್ಟು.

ಆ ಹೆಂಗಸು ಬದುಕಿದಳು. ಮಗುವೂ ಬದುಕಿತು. ಆದರೂ ಮೂರು ತಿಂಗಳು ತುಂಬಿದ ಮೇಲೆ ಯಾರೂ ನೋಡಲು ಬರಲಿಲ್ಲ. ಲಾರಿ ಬಂತು, ಫ್ರಿಜ್ಜು ಹೋಯಿತು. ಯಾವುದೋ ಬಂಗಲೆಯಲ್ಲಿ ಸಾಹೇಬರುಗಳ ಕುಡಿಯುವ ನೀರು ತಂಪು ಮಾಡುತ್ತಿದೆ ಎಂದು ಆಮೇಲೆ ಯಾರೋ ಹೇಳಿದರು. ಡಾಕ್ಟ್ರಮ್ಮನಿಗೂ ವರ್ಗವಾಯಿತು.

ಅವರು ಸಾಮಾನು ಕಟ್ಟುತ್ತಿದ್ದ ದಿನ ನಾನು ಹೋದೆ. ನಿಮ್ಮ ಅಜ್ಜನಿಗೆ ಹೇಳದೆ ಹೋದೆ. ಹೊಸ್ತಿಲಲ್ಲೇ ನಿಂತು, "ಅಲ್ಲಾಡ್ಸಿದ್ದು ನಾನು" ಎಂದೆ.

ಅವರು ಹಾಸಿಗೆ ಸುತ್ತುವುದನ್ನು ನಿಲ್ಲಿಸಲಿಲ್ಲ. "ಗೊತ್ತು. ಅವತ್ತು ನಿನ್ನ ಸೆರಗಿನ ಮೇಲೆಲ್ಲ ಮುಚ್ಚಳದ ಮೇಣ ಮೆತ್ತಿತ್ತು."

"ಗೊತ್ತಿದ್ದೂ ಚೌಡಮ್ಮನ್ನ ಯಾಕೆ..."

"ಆಯಾ ಮಾಡಿದ್ಲು ಅಂದ್ರೆ ಸಾಹೇಬ್ರು ನಂಬ್ತಾರೆ. ನಾನೇ ಆರಿಸಿ ಇಟ್ಕೊಂಡ ಓದಿದ ಹೆಂಗಸು ಮಾಡಿದ್ಲು ಅಂದ್ರೆ ನನ್ನ ಕೆಲಸನೇ ಸರಿ ಇಲ್ಲ ಅಂತಾರೆ. ನಿನ್ನ ಗಂಡನೂ ಹೋಗ್ತಿದ್ದ. ಕಾಂಪೌಂಡರು ಸಿಗೋಕೆ ಆರು ತಿಂಗಳು ಬೇಕು. ಆಯಾ ಮಾರನೇ ದಿನವೇ ಸಿಕ್ಕಿದ್ಲು."

"ಅವ್ಳು ಏನೂ ಮಾಡಿರ್ಲಿಲ್ಲ."

"ಅದು ಅವತ್ತು ಹಜಾರದಲ್ಲಿ ಹೇಳೋ ಮಾತಾಗಿತ್ತು" ಎಂದರು. "ನೀನು ಬಾಯಿ ಬಿಟ್ಟಿದ್ರೆ ನಾನು ಯಾರು ಬೇಕು ಯಾರು ಬೇಡ ಅಂತ ತೂಗಬೇಕಿರಲಿಲ್ಲ. ನಿನ್ನನ್ನ ಊರೆಲ್ಲ ಸಾಧು ಅಂತಾರೆ. ನಿನ್ನಂಥ ಸಾಧುಗಳ ಜೊತೆ ಕೆಲಸ ಮಾಡೋದು ಬಹಳ ಕಷ್ಟ ಕಣಮ್ಮ. ಆ ಹಗ್ಗ ಕೊಡಿಲ್ಲಿ."

ಹಗ್ಗ ಕೊಟ್ಟೆ. ಅವರು ಮಂಡಿಯೂರಿ ಹಾಸಿಗೆಯನ್ನು ಬಿಗಿದು ಕಟ್ಟಿದರು. ಮತ್ತೆ ನಾನು ಅವರನ್ನು ನೋಡಲಿಲ್ಲ. ತೀರಿಕೊಂಡರು ಎಂಬ ಸುದ್ದಿಯೂ ವರ್ಷಗಳ ನಂತರ, ಯಾರದೋ ಬಾಯಿಂದ ಬಂತು. ಅವರ ಪುಸ್ತಕ ಎಲ್ಲಿ ಹೋಯಿತೋ, ಯಾರಾದರೂ ಓದಿದರೋ, ಗೊತ್ತಿಲ್ಲ. ಅವರು ಒಳ್ಳೆಯವರಾಗಿದ್ದರೇ ಎಂದು ನನ್ನನ್ನು ಕೇಳಬೇಡಿ. ವರದಮೂಲದ ಕಡೆಯವಳನ್ನು ಕೇಳಿದರೆ ಒಂದು ಉತ್ತರ ಸಿಗುತ್ತಿತ್ತು. ನನಗೆ ಅವರ ಮೇಲೆ ಸಿಟ್ಟು ಇನ್ನೂ ಇದೆ. ಆ ಸಿಟ್ಟಿಗೆ ನನಗೆ ಹಕ್ಕಿಲ್ಲ ಎಂಬುದೂ ಗೊತ್ತಿದೆ.

ಡಾಕ್ಟ್ರಮ್ಮನಿಗೆ ವರ್ಗವಾದ ಎರಡನೆಯ ವರ್ಷ, ಕೋಣಂದೂರಿನ ಸಂತೆಯಲ್ಲಿ ಚೌಡಮ್ಮ ಸಿಕ್ಕಿದಳು. ಗೋಣಿಯ ಮೇಲೆ ಅಂಟುವಾಳದ ಕಾಯಿ ಹರವಿಕೊಂಡು ಕೂತಿದ್ದಳು. ನಾನು ತಲೆ ತಗ್ಗಿಸಿ ದಾಟುವವಳಿದ್ದೆ, ಅವಳೇ ಕೂಗಿದಳು.

"ಅಮ್ಮಾ, ಕಾಂಪೌಂಡ್ರಮ್ಮಾ, ಚೆನ್ನಾಗಿದೀರಾ? ಡಾಕ್ಟ್ರಮ್ಮ ಎಲ್ಲಿದಾರೆ ಈಗ?"

"ಎಲ್ಲೋ ಬಯಲುಸೀಮೆ ಕಡೆ ಅಂತೆ" ಎಂದೆ.

ಅವಳು ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿದಳು. "ನಂಗೆ ಒಂದ್ ಮಾತು ಮನ್ಸಲ್ಲೇ ಉಳ್ದದೆ ಅಮ್ಮಾ. ಅವತ್ತು ನೆಲ ಒರ್ಸುವಾಗ ನನ್ ಬೆನ್ನು ಆ ಪೆಟ್ಗೆಗೆ ತಾಗಿತ್ತೇನೋ ಅಂತ. ಆಗ ಗೊತ್ತಾಗ್ಲಿಲ್ಲ. ಆಮೇಲೆ ಕೂತು ಯೋಚ್ನೆ ಮಾಡಿ ಮಾಡಿ ನೆನಪಾತು, ತಾಗಿತ್ತು. ಜೋರಾಗೇ ತಾಗಿರ್ಬೇಕು. ಇಲ್ದಿದ್ರೆ ಡಾಕ್ಟ್ರಮ್ಮ ಕಾಗದದಲ್ಲಿ ಸುಳ್ಳು ಬರ್ಸೋರಲ್ಲ. ಪಾಪ, ನನ್ನಿಂದ ಅವ್ರ ಕೆಲ್ಸ ಎಲ್ಲ ಹಾಳಾತು."

ನಾನು ಅಂಟುವಾಳದ ಕಾಯಿಗಳ ಕಡೆ ನೋಡುತ್ತ ನಿಂತೆ. ಹುಂಚದ ಬಸ್ಸು ಬಂತು. ಚೌಡಮ್ಮ ಎದ್ದು, ನನ್ನ ಚೀಲಕ್ಕೆ ಎರಡು ಬೊಗಸೆ ಕಾಯಿ ಸುರಿದು, ಅದನ್ನು ಬಸ್ಸಿನವರೆಗೆ ತಾನೇ ಎತ್ತಿಕೊಂಡು ಬಂದಳು. ನಾನು ಹತ್ತಿದ ಮೇಲೆ ಕಿಟಕಿಯಿಂದ ಚೀಲ ಒಳಗೆ ಕೊಡುತ್ತ ಹೇಳಿದಳು:

"ಡಾಕ್ಟ್ರಮ್ಮ ಎಲ್ಲಾದ್ರೂ ಸಿಕ್ರೆ ಹೇಳಿ ಅಮ್ಮಾ. ನಾ ಬೇಕು ಅಂತ ಮಾಡಿದ್ದಲ್ಲ ಅಂತ."

"ಹೇಳ್ತೀನಿ" ಎಂದೆ.